ಮೊದಲು ಕುದುರೆಗೆ ನೀರು, ಆಮೇಲೆ ಸವಾರನಿಗೆ

ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್ ಪಡೆಯ ಭರ್ಜಿಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಬ್ರಷ್ಷು, ನೀರಿನ ತೊಟ್ಟಿ, ಲಾಳದ ಮೊಳೆಗಳ ಕಥೆ ಇಲ್ಲಿದೆ.

ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರ ಮಧ್ಯಾಹ್ನ ಪ್ಯಾಲೆಸ್ಟೈನಿನ ಹೈಫಾ ತುರ್ಕರ ಕೈತಪ್ಪಿತು. ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಅಶ್ವಪಡೆಗಳು ಭರ್ಜಿ ಹಿಡಿದು ಮೆಷಿನ್‌ಗನ್ನುಗಳ ಎದುರಿಗೇ ನುಗ್ಗಿದ ದಿನ ಅದು. ಸತ್ತವರು 8 ಮಂದಿ, ಗಾಯಗೊಂಡವರು 34. ಕುದುರೆಗಳ ಲೆಕ್ಕ ಬೇರೆ: ಸತ್ತದ್ದು 60, ಗಾಯಗೊಂಡದ್ದು 83. ಗುಂಡಿಗೆ ಮೊದಲು ಎದೆಯೊಡ್ಡಿದ್ದು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ದಾಳಿ ಒಂದೇ ಮಧ್ಯಾಹ್ನದ್ದು. ಆದರೆ ಮೈಸೂರಿನ ಪಡೆ ಹಡಗು ಹತ್ತಿದ್ದು 1914ರಲ್ಲಿ. ನಡುವಿನ ವರ್ಷಗಳ ಬಹುಪಾಲು ಸೂಯೆಜ್ ಕಾಲುವೆಯ ಕಾವಲು, ಗಸ್ತು, ಪ್ರಯಾಣ. ಆ ದಿನಗಳಲ್ಲಿ ಸವಾರನ ಕೈಯಲ್ಲಿ ಭರ್ಜಿಗಿಂತ ಹೆಚ್ಚು ಹೊತ್ತು ಇದ್ದದ್ದು ಬ್ರಷ್ಷು. ಅದಿಲ್ಲದೆ ಹೈಫಾ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆನ್ನು ಉಳಿದರೆ ಸವಾರ ಉಳಿದಾನು

ಯುದ್ಧಭೂಮಿಯಲ್ಲಿ ಮಾಲೀಸು ಅಂದಚೆಂದಕ್ಕಲ್ಲ. ಕುದುರೆ ವಿಪರೀತ ಬೆವರುವ ಪ್ರಾಣಿ. ಬೆವರು ಒಣಗಿದಾಗ ಉಪ್ಪು ಕೂದಲಿಗೆ ಅಂಟುತ್ತದೆ, ಅದರ ಮೇಲೆ ಮರಳು ಕೂರುತ್ತದೆ. ಹಾಗೇ ಜೀನು ಬಿಗಿದು ಸವಾರಿ ಹೊರಟರೆ ಬೆನ್ನಿಗೆ ಮರಳುಕಾಗದ ಹಾಕಿ ತಿಕ್ಕಿದಂತೆ. ಮೊದಲು ಚರ್ಮ ಕೆಂಪಾಗುತ್ತದೆ, ಆಮೇಲೆ ಹುಣ್ಣು. ಜೀನಿನ ಕೆಳಗೆ ಹಾಸಿದ ಕಂಬಳಿಯಲ್ಲಿ ಒಂದು ಮಡಿಕೆ ಉಳಿದರೂ ಇದೇ ಗತಿ. ಹುಣ್ಣಾದ ಬೆನ್ನಿಗೆ ಜೀನು ಹಾಕುವಂತಿಲ್ಲ. ಸವಾರ ಅಂದಿನಿಂದ ಕಾಲಾಳು.

ಹಾಗಾಗಿ ಬೀಡು ಬಿಟ್ಟ ಕೂಡಲೇ ಜೀನನ್ನು ಕಿತ್ತೆಸೆಯುತ್ತಿರಲಿಲ್ಲ. ಪಟ್ಟಿ ಸಡಿಲಿಸಿ, ಬೆನ್ನು ನಿಧಾನವಾಗಿ ಆರಲು ಬಿಟ್ಟು, ತೆಗೆದ ಮೇಲೆ ಅಂಗೈಯಿಂದ ತಟ್ಟಿ ರಕ್ತ ಓಡುವಂತೆ ಮಾಡುತ್ತಿದ್ದರು. ಹುಲ್ಲು ಹೊಸೆದು ಮಾಡಿದ ಉಂಡೆಯಿಂದ ಉಜ್ಜಿದ ಮೇಲೆ ಬ್ರಷ್ಷಿನ ಸರದಿ. ಹಲ್ಲುಹಲ್ಲಿನ ಕಬ್ಬಿಣದ ಬಾಚಣಿಗೆ ಬ್ರಷ್ಷಿನ ಕೊಳೆ ತೆಗೆಯಲು ಮಾತ್ರ, ಕುದುರೆಯ ಮೈಗೆ ಅದು ತಾಗಬಾರದು. ಕಣ್ಣು, ಮೂಗಿಗೆ ಒದ್ದೆ ಸ್ಪಂಜು. ಕೊನೆಗೆ ಒಂದೊಂದೇ ಗೊರಸೆತ್ತಿ ಸಿಕ್ಕಿಕೊಂಡ ಕಲ್ಲು ಕೆರೆದು ತೆಗೆದು, ಲಾಳದ ಮೊಳೆ ಬಿಗಿಯಾಗಿದೆಯೇ ಎಂದು ನೋಡಬೇಕು.

ಹೀಗೆ ಕೈ ಮೈಮೇಲೆಲ್ಲ ಓಡಾಡುವಾಗಲೇ ಊತ, ಬಿಸಿ, ಮುಳ್ಳಿನ ಗೀರು, ಹೇನು ಎಲ್ಲ ಸಿಕ್ಕಿಬೀಳುತ್ತಿದ್ದುದು. ಪಶುವೈದ್ಯ ಎಲ್ಲೋ ಹಿಂದಿರುತ್ತಿದ್ದ. ಕಾಯಿಲೆಯನ್ನು ಮೊದಲು ಕಂಡುಹಿಡಿಯುವುದು ಸವಾರನ ಬೆರಳೇ. ಹೈಫಾದ ಬೆನ್ನಿಗಿರುವ ಕಾರ್ಮೆಲ್ ಬೆಟ್ಟದ ಕಡಿದಾದ ಹಾದಿ ಹತ್ತಿದ್ದು ಮೈಸೂರಿನದೇ ಒಂದು ತುಕಡಿ. ಅಂಥ ಕಲ್ಲುದಾರಿಯಲ್ಲಿ ಲಾಳ ಕಳಚಿದ ಕುದುರೆ ಇದ್ದೂ ಇಲ್ಲದಂತೆ. ಲಾಳ ಕಟ್ಟುವವನಿಗೆ ಯಾರೂ ಪದಕ ಕೊಟ್ಟ ಸುದ್ದಿ ಓದಿದ ನೆನಪಿಲ್ಲ.

ನೀರಿನ ಲೆಕ್ಕ

ಒಂದು ಕುದುರೆಗೆ ದಿನಕ್ಕೆ ಸುಮಾರು 30ರಿಂದ 40 ಲೀಟರ್ ನೀರು ಬೇಕು. ಸಾವಿರಾರು ಕುದುರೆಗಳ ದಂಡಿಗೆ ಎಷ್ಟಾಯಿತು, ನೀವೇ ಗುಣಿಸಿ. ಪ್ಯಾಲೆಸ್ಟೈನಿನ ದಕ್ಷಿಣದಲ್ಲಿ ಬಾವಿಗಳು ವಿರಳ, ಇದ್ದವೂ ಆಳ. ಪಂಪು ಹಾಕಿ ಕ್ಯಾನ್ವಾಸಿನ ತೊಟ್ಟಿಗಳಿಗೆ ನೀರೆತ್ತಿ, ಸಾಲಾಗಿ ಕುದುರೆಗಳನ್ನು ತಂದು ಕುಡಿಸಬೇಕಿತ್ತು. 1917ರ ಅಕ್ಟೋಬರ್ 31ರ ಸಂಜೆ ಆಸ್ಟ್ರೇಲಿಯಾದ ಸವಾರರು ಬೀರ್‌ಷೆಬಾ ಊರಿನ ಮೇಲೆ ಅಷ್ಟು ಆತುರದಿಂದ ಬಿದ್ದದ್ದಕ್ಕೆ ಅಲ್ಲಿನ ಬಾವಿಗಳೂ ಕಾರಣ. ಕತ್ತಲಾಗುವುದರೊಳಗೆ ಕುದುರೆಗಳಿಗೆ ನೀರು ಸಿಗಲೇಬೇಕಿತ್ತು.

ಕುಡಿಸುವುದಕ್ಕೂ ಕ್ರಮವಿತ್ತು. ಜೀನಿನ ಪಟ್ಟಿ ಸಡಿಲಿಸಿ, ಬಾಯಿಯ ಕಡಿವಾಣ ತೆಗೆದು, ಕಾಳಿಗೆ ಮುಂಚೆ ನೀರು. ಕಾಳನ್ನು ನೆಲಕ್ಕೆ ಸುರಿಯುವಂತಿರಲಿಲ್ಲ. ಚೆಲ್ಲಿದ್ದನ್ನು ಹೆಕ್ಕುವ ಕುದುರೆಯ ಹೊಟ್ಟೆಗೆ ಮರಳೂ ಹೋಗಿ, ಕರುಳಲ್ಲಿ ಕಟ್ಟಿಕೊಂಡರೆ ಅದು ನೋವಿನಿಂದ ಹೊರಳಿ ಸಾಯಲೂಬಹುದಿತ್ತು. ಅದಕ್ಕೇ ಮೂತಿಗೆ ಚೀಲ ಕಟ್ಟಿ ತಿನ್ನಿಸುತ್ತಿದ್ದರು.

ಅದೇ ಯುದ್ಧದ ಇನ್ನೊಂದು ರಣರಂಗವಾದ ಫ್ರಾನ್ಸಿನಲ್ಲಿ ಕಷ್ಟ ತಿರುವುಮುರುವು. ಅಲ್ಲಿ ಮೊಣಕಾಲುದ್ದ ಕೆಸರು, ಚಳಿ ಮತ್ತು ಕಜ್ಜಿ. ಮೈಗೂದಲು ಕತ್ತರಿಸಿದರೆ ಕಜ್ಜಿಗೆ ಔಷಧ ಹತ್ತುತ್ತದೆ, ಮಾಲೀಸೂ ಸುಲಭ. ಆದರೆ ಹಿಮದಲ್ಲಿ ಬಯಲಿಗೇ ಕಟ್ಟಿದ ಬೋಳು ಕುದುರೆ ಎಷ್ಟು ದಿನ ತಡೆದೀತು? 1916–17ರ ಕಡು ಚಳಿಗಾಲದಲ್ಲಿ ಹಾಗೆ ಸೊರಗಿದವು ಅನೇಕ. ಒಟ್ಟು ಯುದ್ಧದಲ್ಲಿ ಗುಂಡಿಗಿಂತ ಚಳಿ, ಬಳಲಿಕೆ, ಕಾಯಿಲೆಗಳೇ ಹೆಚ್ಚು ಕುದುರೆಗಳನ್ನು ತಿಂದವು. ಬ್ರಿಟಿಷ್ ಸೇನೆಯ ಪಶುವೈದ್ಯ ದಳ ಸುಮಾರು 25 ಲಕ್ಷ ಬಾರಿ ಕುದುರೆ, ಹೇಸರಗತ್ತೆಗಳನ್ನು ಚಿಕಿತ್ಸೆಗೆ ಸೇರಿಸಿಕೊಂಡಿತು. ಹೆಚ್ಚುಕಡಿಮೆ ನೂರಕ್ಕೆ ಎಂಬತ್ತು ಮತ್ತೆ ಕೆಲಸಕ್ಕೆ ಮರಳಿದವು.

ಮುಗಿದ ಮೇಲೆ

ಇದನ್ನೆಲ್ಲ ಪ್ರೀತಿ ಎನ್ನಬಹುದೇ? ಸವಾರನ ಮಟ್ಟಿಗೆ ಖಂಡಿತ. ಸರ್ಕಾರದ ಮಟ್ಟಿಗೆ ಅಲ್ಲ. ಯುದ್ಧ ಮುಗಿದಾಗ ಸಾಗಿಸುವ ಖರ್ಚು ಹೆಚ್ಚೆಂದು ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲೇ ಮಾರಿಬಿಟ್ಟರು. 1930ರಲ್ಲಿ ಕೈರೋಗೆ ಬಂದ ಡೊರೊಥಿ ಬ್ರೂಕ್ ಎಂಬ ಬ್ರಿಟಿಷ್ ಮಹಿಳೆ ಅವುಗಳಲ್ಲಿ ಬದುಕುಳಿದವನ್ನು ಹುಡುಕಿದರು. ಮೂಳೆ ಎದ್ದ, ಕುರುಡಾದ ಮುದಿ ಪ್ರಾಣಿಗಳು ಗಾಡಿ ಎಳೆಯುತ್ತಿದ್ದವು. ಮರುವರ್ಷ ಲಂಡನ್ನಿನ ಪತ್ರಿಕೆಯೊಂದಕ್ಕೆ ಅವರು ಬರೆದ ಪತ್ರ ಓದಿ ಜನ ಹಣ ಕಳಿಸಿದರು. ಮೂರು ವರ್ಷಗಳಲ್ಲಿ ಸುಮಾರು 5,000 ಕುದುರೆಗಳನ್ನು ಕೊಂಡದ್ದಾಯಿತು. ಬಹುಪಾಲಿಗೆ ನೋವಿಲ್ಲದ ಸಾವು ಕೊಡುವುದಷ್ಟೇ ಉಳಿದಿದ್ದ ಉಪಕಾರ. 1934ರಲ್ಲಿ ಅವರು ಕೈರೋದಲ್ಲಿ ಹಳೆಯ ಯುದ್ಧಕುದುರೆಗಳ ಹೆಸರಲ್ಲಿ ಆಸ್ಪತ್ರೆ ತೆರೆದರು. ಅದರಿಂದ ಬೆಳೆದ ಬ್ರೂಕ್ ಸಂಸ್ಥೆ ಇಂದು ಭಾರತದಲ್ಲೂ ಇಟ್ಟಿಗೆ ಗೂಡುಗಳಲ್ಲಿ ದುಡಿಯುವ ಕುದುರೆ, ಕತ್ತೆಗಳ ಆರೈಕೆ ಮಾಡುತ್ತಿದೆ.