ನಕ್ಷತ್ರ ವಿದ್ಯೆಯೂ ಮನೆಯ ಹಿರಿಯರೂ

ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಒಂದು ಸಣ್ಣ ನ್ಯಾಯಸಭೆ ಕೂಡುವುದು ವಾಡಿಕೆ. ತಂದೆಗೆ ಮಗನು ಇಂಜಿನಿಯರನಾಗಬೇಕು. ಅಜ್ಜಿಗೆ ಮೊಮ್ಮಗಳು ವೈದ್ಯಳಾಗಬೇಕು. ಸೋದರಮಾವನಿಗೆ ಬೇಗನೆ ಸಂಬಳ ತರುವ ಓದು ಯಾವುದಾದರೂ ಆದೀತು. ಇಂತಹ ಸಭೆಯಲ್ಲಿ ಹುಡುಗನೋ ಹುಡುಗಿಯೋ ಮೆಲ್ಲನೆ ತಲೆಯೆತ್ತಿ, “ನಾನು ಭೌತಶಾಸ್ತ್ರ ಓದುತ್ತೇನೆ, ನಕ್ಷತ್ರಗಳ ವಿಷಯ ತಿಳಿಯಬೇಕೆಂದು ಆಸೆಯಿದೆ” ಎಂದರೆ ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. “ನಕ್ಷತ್ರ ನೋಡಿದರೆ ಹೊಟ್ಟೆ ತುಂಬೀತೇ?” ಎಂಬುದು ಅವರ ಮೊದಲ ಪ್ರಶ್ನೆ. ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವವರಲ್ಲ. ಸಂಸಾರದ ಭಾರ ಹೊತ್ತವರು ಕೇಳಲೇಬೇಕಾದ ಮಾತು ಅದು. ಆದರೆ ತೀರ್ಪು ಕೊಡುವ ಮುನ್ನ ಆ ಓದು ಎಂತಹುದೆಂಬುದನ್ನು ಅರಿಯುವುದು ಯೋಗ್ಯವಷ್ಟೆ. ಅದಕ್ಕಾಗಿ ವಾಚಕರಿಗೆ ಒಂದು ಮನೆಯ ಕಥೆಯನ್ನು ಹೇಳುತ್ತೇವೆ.

೧೯೨೫ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹದಿನೈದು ವರ್ಷದ ಬಾಲಕನೊಬ್ಬನು ಸೇರಿದನು. ಅವನೇ ಸುಬ್ರಹ್ಮಣ್ಯನ್ ಚಂದ್ರಶೇಖರ್. ತಂದೆ ರೈಲ್ವೆಯ ಲೆಕ್ಕಪತ್ರ ಶಾಖೆಯಲ್ಲಿ ದೊಡ್ಡ ಅಧಿಕಾರಿ. ಚಿಕ್ಕಪ್ಪ ಸರ್ ಸಿ. ವಿ. ರಾಮನ್. ಹುಡುಗನ ಮನಸ್ಸು ಗಣಿತದ ಮೇಲೆ. ತಂದೆಯ ಮನಸ್ಸಾದರೋ ಮಗನು ಸಿವಿಲ್ ಸರ್ವಿಸ್ ಪರೀಕ್ಷೆಗೆ ಕುಳಿತು ದೊಡ್ಡ ಹುದ್ದೆಗೇರಬೇಕೆಂಬುದರ ಮೇಲೆ. ಅದಕ್ಕೆ ಭೌತಶಾಸ್ತ್ರದ ಆನರ್ಸೇ ಅನುಕೂಲವೆಂದು ಅವರ ಎಣಿಕೆ. ಮಗನು ತಂದೆಯ ಮಾತನ್ನು ಮೀರಲಿಲ್ಲ. ತನ್ನ ಆಸೆಯನ್ನು ಬಿಡಲೂ ಇಲ್ಲ. ಹೆಸರು ಬರೆಯಿಸಿದ್ದು ಭೌತಶಾಸ್ತ್ರಕ್ಕೆ. ಹೋಗಿ ಕುಳಿತದ್ದು ಗಣಿತದ ಪಾಠಗಳಿಗೂ. ಕೊನೆಗೆ ಈ ಎರಡು ವಿದ್ಯೆಗಳ ಕೂಟವೇ ಅವರ ಕೈ ಹಿಡಿಯಿತು.

೧೯೨೮ರಲ್ಲಿ ಜರ್ಮನಿಯ ಪ್ರಖ್ಯಾತ ಪಂಡಿತ ಸೊಮ್ಮರ್‌ಫೆಲ್ಡ್ ಮದರಾಸಿಗೆ ಬಂದಾಗ ಈ ವಿದ್ಯಾರ್ಥಿ ಅವರನ್ನು ಕಂಡು, ತಾನು ಅವರ ಗ್ರಂಥವನ್ನು ಓದಿರುವುದಾಗಿ ಹೆಮ್ಮೆಯಿಂದ ಹೇಳಿಕೊಂಡನು. ಆ ಗ್ರಂಥದ ಭೌತಶಾಸ್ತ್ರ ಆಗಲೇ ಹಳತಾಯಿತೆಂದು ತಿಳಿಸಿದ ಪಂಡಿತರು, ಹೊಸ ಸಿದ್ಧಾಂತದ ಮೇಲೆ ತಾವು ಬರೆದು ಇನ್ನೂ ಅಚ್ಚಿನಲ್ಲಿದ್ದ ಲೇಖನದ ಕರಡನ್ನು ಅವನ ಕೈಗಿತ್ತರು. ಹುಡುಗನು ಎದೆಗುಂದಲಿಲ್ಲ. ಅದನ್ನು ಓದಿ ಅರಗಿಸಿಕೊಂಡು ತಾನೇ ಒಂದು ಪ್ರಬಂಧ ಬರೆದನು; ಪದವಿ ಮುಗಿಯುವ ಮೊದಲೇ ೧೯೨೯ರಲ್ಲಿ ಅದು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

೧೯೩೦ರಲ್ಲಿ ಕೇಂಬ್ರಿಜ್ಜಿಗೆ ಹೋಗಲು ಸರಕಾರದ ವಿದ್ಯಾರ್ಥಿವೇತನ ದೊರೆಯಿತು. ಆಗ ತಾಯಿ ಸೀತಾಲಕ್ಷ್ಮಿ ಹಾಸಿಗೆ ಹಿಡಿದಿದ್ದರು. ಇಬ್ಸೆನ್ನನ ನಾಟಕವನ್ನು ತಮಿಳಿಗೆ ತಂದಿದ್ದ ವಿದ್ಯಾವತಿ ಅವರು. ಕಾಯಿಲೆಯ ತಾಯಿಯನ್ನು ಬಿಟ್ಟು ಸಮುದ್ರ ದಾಟುವುದು ಹೇಗೆಂದು ಮಗನು ಹಿಂಜರಿದಾಗ, ಹೋಗಲೇಬೇಕೆಂದು ಹಟ ಹಿಡಿದವರು ಆ ತಾಯಿಯೇ. ಮರುವರ್ಷ ಅವರು ತೀರಿಕೊಂಡರು; ಮಗನು ಮತ್ತೆ ಅವರ ಮುಖ ಕಾಣಲಿಲ್ಲ.

ಆ ಹಡಗಿನಲ್ಲಿ ಹತ್ತೊಂಬತ್ತರ ತರುಣನು ಏನು ಮಾಡಿದನೆಂಬುದನ್ನು ನೋಡಿದರೆ ಈ ಪದವಿಯ ಪಾಠಗಳ ಸ್ವರೂಪವೇ ತಿಳಿಯುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿ ಮೊದಲು ಚಲನೆ ಮತ್ತು ಗುರುತ್ವಾಕರ್ಷಣೆಯನ್ನು ಕಲಿಯುತ್ತಾನೆ. ನಕ್ಷತ್ರವೆಂಬುದು ತನ್ನ ಭಾರದಿಂದ ತಾನೇ ಒಳಕ್ಕೆ ಕುಸಿಯಲೆಳಸುವ ಅನಿಲದ ಗೋಳ. ಆಮೇಲೆ ಶಾಖದ ಶಾಸ್ತ್ರ ಬರುತ್ತದೆ. ಒಳಗಿನ ಕಾವು ಹೊರಕ್ಕೆ ಒತ್ತುವುದರಿಂದಲೇ ಆ ಗೋಳ ಕುಸಿಯದೆ ನಿಂತಿದೆ. ಇಂಧನ ತೀರಿ ಕಾವು ಇಳಿದ ಮೇಲೆ ಗತಿಯೇನು? ಇಲ್ಲಿ ಕ್ವಾಂಟಂ ಶಾಸ್ತ್ರ ಬೇಕು. ಎಲೆಕ್ಟ್ರಾನುಗಳು ಒಂದು ಮಿತಿಗಿಂತ ಹೆಚ್ಚು ಒತ್ತೊತ್ತಾಗಿ ಕೂಡಲು ಒಪ್ಪುವುದಿಲ್ಲ. ಆ ಹಟವೇ ಸತ್ತ ನಕ್ಷತ್ರಕ್ಕೆ ಊರುಗೋಲು. ಇಂತಹ ಶ್ವೇತಕುಬ್ಜ ನಕ್ಷತ್ರದ ಒಂದು ಚಮಚ ದ್ರವ್ಯ ಹಲವು ಟನ್ ತೂಗುತ್ತದೆ. ಇಷ್ಟನ್ನು ೧೯೨೬ರಲ್ಲಿ ಫೌಲರ್ ಎಂಬ ಆಂಗ್ಲ ವಿದ್ವಾಂಸರು ತೋರಿಸಿದ್ದರು. ಚಂದ್ರಶೇಖರರು ಇದಕ್ಕೆ ಐನ್‌ಸ್ಟೀನರ ಸಾಪೇಕ್ಷತಾವಾದವನ್ನು ಸೇರಿಸಿದರು. ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಸಮೀಪಕ್ಕೆ ಬಂದರೆ ಊರುಗೋಲಿನ ಬಲ ಸಾಲದಾಗುವುದೆಂದು ಲೆಕ್ಕ ಹೇಳಿತು. ಸೂರ್ಯನ ಸುಮಾರು ೧.೪ ಪಟ್ಟು ದ್ರವ್ಯಕ್ಕಿಂತ ಹೆಚ್ಚಿದ್ದರೆ ನಕ್ಷತ್ರ ಶ್ವೇತಕುಬ್ಜವಾಗಿ ನಿಲ್ಲಲಾರದು. ಇಂದು ಲೋಕವೆಲ್ಲ ಇದನ್ನು ಚಂದ್ರಶೇಖರ್ ಮಿತಿಯೆಂದು ಕರೆಯುತ್ತದೆ. ೧೯೩೫ರಲ್ಲಿ ಎಡಿಂಗ್ಟನ್ನರಂತಹ ಮಹಾಪಂಡಿತರು ತುಂಬಿದ ಸಭೆಯಲ್ಲಿ ಇದನ್ನು ಹಾಸ್ಯ ಮಾಡಿದರು. ೧೯೮೩ರಲ್ಲಿ ಚಂದ್ರಶೇಖರರಿಗೆ ನೊಬೆಲ್ ಪಾರಿತೋಷಕ ಬಂದಿತು. ನಡುವೆ ಕಳೆದದ್ದು ನಾಲ್ವತ್ತೆಂಟು ವರ್ಷ!

ಎಲ್ಲರ ಮಕ್ಕಳೂ ಚಂದ್ರಶೇಖರರಾಗುವರೆಂದು ನಾವು ಹೇಳುತ್ತಿಲ್ಲ. ಹಿರಿಯರು ತಿಳಿಯಬೇಕಾದ ಸಂಗತಿಗಳು ಬೇರೆ ಇವೆ. ಈ ಓದಿಗೂ ಜಾತಕಕ್ಕೂ ಸಂಬಂಧವಿಲ್ಲ. ರಾತ್ರಿಯೆಲ್ಲ ಆಕಾಶ ನೋಡುತ್ತ ಕೂಡುವುದೂ ಅಲ್ಲ. ಮುಕ್ಕಾಲುಪಾಲು ಗಣಿತ, ಪ್ರಯೋಗಶಾಲೆ, ಈ ಕಾಲದಲ್ಲಿ ಗಣಕಯಂತ್ರ. ಚಿತ್ರಗಳನ್ನು ಕಂಡು ಮರುಳಾಗಿ, ಗಣಿತವೆಂದರೆ ಹೆದರುವ ಮಗುವಿಗೆ ಮೊದಲ ವರ್ಷವೇ ಕಹಿಯಾದೀತು. ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಬಿ. ಎಸ್‌ಸಿ.ಯಲ್ಲಿ ಭೌತಶಾಸ್ತ್ರದ ಬುನಾದಿ ಹಾಕಿ, ಖಗೋಳ ಭೌತಶಾಸ್ತ್ರವನ್ನು ಮುಂದಿನ ತರಗತಿಗಳಿಗೆ ಬಿಡುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ೨೦೧೧ರಲ್ಲಿ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿತು. ಸಂಶೋಧಕರಾಗಬೇಕೆನ್ನುವವರಿಗೆ ಡಾಕ್ಟರೇಟ್ ಮುಗಿಯುವ ಹೊತ್ತಿಗೆ ಹತ್ತು ವರ್ಷದ ದಾರಿ. ಅಷ್ಟು ಕಾಲ ಮನೆ ಕಾಯಬಲ್ಲುದೇ ಎಂಬುದನ್ನು ಮುಚ್ಚುಮರೆಯಿಲ್ಲದೆ ಮಾತಾಡಿಕೊಳ್ಳಬೇಕು. ನಡುದಾರಿಯಲ್ಲಿ ನಿಂತರೂ ಕಲಿತದ್ದು ವ್ಯರ್ಥವಲ್ಲ. ಲೆಕ್ಕವನ್ನೂ ಉಪಕರಣವನ್ನೂ ಬಲ್ಲವರಿಗೆ ಅಧ್ಯಾಪನದಲ್ಲಿ, ಕಾರ್ಖಾನೆಯಲ್ಲಿ, ಗಣಕಯಂತ್ರದ ಉದ್ಯೋಗಗಳಲ್ಲಿ ಎಡೆಯುಂಟು.

ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು ೪೫೦೦ ಮೀಟರ್ ಎತ್ತರದಲ್ಲಿ, ಎರಡು ಮೀಟರ್ ಕನ್ನಡಿಯ ದೂರದರ್ಶಕವೊಂದಿದೆ. ಅದಕ್ಕೆ ಚಂದ್ರಶೇಖರರ ಹೆಸರನ್ನೇ ಇಟ್ಟಿದ್ದಾರೆ. ಅದನ್ನು ನಡೆಯಿಸುವುದಾದರೋ ನಮ್ಮ ಬೆಂಗಳೂರಿನ ಬಳಿಯ ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದ ಮೂಲಕ! ನಕ್ಷತ್ರವಿದ್ಯೆ ಈಗ ಸಮುದ್ರದಾಚೆಯದಲ್ಲ. ನಮ್ಮ ಊರ ಬಾಗಿಲಿಗೇ ಬಂದಿದೆ.

ಆದುದರಿಂದ ಮುಂದಿನ ಸಲ ಮನೆಯ ನ್ಯಾಯಸಭೆ ಕೂಡಿದಾಗ ಹಿರಿಯರು “ಹೊಟ್ಟೆ ತುಂಬೀತೇ?” ಎಂದು ಅವಶ್ಯವಾಗಿ ಕೇಳಲಿ. ಅದರೊಡನೆ, “ಮಗು, ನಿನಗೆ ಗಣಿತದಲ್ಲಿ ರುಚಿಯಿದೆಯೆ? ಹತ್ತು ವರ್ಷದ ತಾಳ್ಮೆಯಿದೆಯೆ?” ಎಂದೂ ಕೇಳಲಿ. ಎರಡಕ್ಕೂ ಹೌದೆಂಬ ಉತ್ತರ ಬಂದರೆ, ಹಾಸಿಗೆಯಲ್ಲಿದ್ದುಕೊಂಡೇ ಮಗನನ್ನು ಹಡಗು ಹತ್ತಿಸಿದ ಆ ತಾಯಿಯನ್ನೊಮ್ಮೆ ನೆನೆದು ಬಳಿಕ ತೀರ್ಪು ಕೊಡಲಿ.