ಅರದ ಮೊನೆಯಲ್ಲಿ ಅಶ್ವಶಕ್ತಿ

ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಮೊದಲು ಜಾವಾ ಎಂಬ, ಆ ಬಳಿಕ ಯೆಜ್ಡಿ ಎಂಬ ಹೆಸರಿನ ಮೋಟಾರ್ ಸೈಕಲ್ಲುಗಳನ್ನು ನಿರ್ಮಿಸಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯು ನಮ್ಮ ನಾಡಿಗೆ ಕೊಟ್ಟದ್ದು ವಾಹನಗಳನ್ನಷ್ಟೇ ಅಲ್ಲ. ಟೂ ಸ್ಟ್ರೋಕ್ ಎಂಜಿನ್ನನ್ನು ಅಂಜದೆ ಬಿಚ್ಚಿ, ಅರಿತು ಜೋಡಿಸುವ ಒಂದು ಕೈಗಾರಿಕೆಯ ಅಭ್ಯಾಸವನ್ನೂ ಅದು ಕೊಟ್ಟಿತು. 1985ರಲ್ಲಿ ಬಂದು, ಯೆಜ್ಡಿಯು ನಿಂತ ವರ್ಷವೇ ತಾನೂ ನಿಂತುಹೋದ ಯಮಹಾ ಆರ್‌ಎಕ್ಸ್ 100 ಎಂಬ ಹಗುರವಾದ ವಾಹನವು ಆ ಅಭ್ಯಾಸಕ್ಕೆ ಹೊಸ ಹುರುಪನ್ನು ತುಂಬಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಇಂದಿಗೂ ಅದರ ರಿಂಗು, ಪಿಸ್ಟನ್ನುಗಳನ್ನು ಕೇಳಿಕೊಂಡು ಬರುವವರಿದ್ದಾರೆ. ಅವರಲ್ಲಿ ಅನೇಕರ ಅಪೇಕ್ಷೆ ಒಂದೇ: ಹೆಚ್ಚು ಹಣವಿಲ್ಲದೆ ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರವಾಗಿ ಬೆಳೆದು ಬಂದಿರುವ, ಗ್ಯಾರೇಜುಗಳಲ್ಲಿ ‘ಪೋರ್ಟಿಂಗ್’ ಎಂದು ಕರೆಯಲಾಗುವ ಕಸುಬನ್ನು ಓದುಗರಿಗೆ ಪರಿಚಯಿಸುವುದೇ ಈ ಲೇಖನದ ಉದ್ದೇಶ.

ಟೂ ಸ್ಟ್ರೋಕ್ ಎಂಜಿನ್ನಿನ ಸಿಲಿಂಡರಿನ ಗೋಡೆಯಲ್ಲಿ ಕೆಲವು ಕಿಂಡಿಗಳಿವೆ. ಕೆಲವು ಹೊಸ ಮಿಶ್ರಣವನ್ನು ಒಳಕ್ಕೆ ಬಿಡುತ್ತವೆ; ಮತ್ತೊಂದು ಸುಟ್ಟ ಅನಿಲವನ್ನು ಹೊರಕ್ಕೆ ಕಳುಹಿಸುತ್ತದೆ. ಇವುಗಳನ್ನು ತೆರೆದು ಮುಚ್ಚುವ ಕಾರ್ಯವನ್ನು ಮೇಲೆ ಕೆಳಗೆ ಚಲಿಸುವ ಪಿಸ್ಟನ್ನೇ ನಿರ್ವಹಿಸುತ್ತದೆ. ಆದುದರಿಂದ ಕಿಂಡಿಯ ಎತ್ತರ, ಅಗಲ, ಆಕಾರಗಳೇ ಎಂಜಿನ್ನಿನ ಶ್ವಾಸೋಚ್ಛ್ವಾಸವನ್ನು ನಿರ್ಣಯಿಸುತ್ತವೆ. ಬಡವನ ಕೈಯಲ್ಲಿರುವ ಒಂದು ದುಂಡನೆಯ ಅರಕ್ಕೆ ಇಲ್ಲಿ ಪ್ರವೇಶವಿರುವುದು ಇದೇ ಕಾರಣದಿಂದ.

ಈ ವಿದ್ಯೆಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವನು ಪೂರ್ವ ಜರ್ಮನಿಯ ಚೋಪೌ ಪಟ್ಟಣದ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡೆನ್. ಯುದ್ಧಾನಂತರದ ಅಭಾವದ ದಿನಗಳಲ್ಲಿ, ಅಲ್ಪ ಸಲಕರಣೆಗಳಿಂದಲೇ ಕೆಲಸ ಮಾಡುತ್ತ, ಹೊಗೆಕೊಳವೆಯೊಳಗೆ ಹೋಗಿ ಮರಳುವ ಒತ್ತಡದ ಅಲೆಗಳನ್ನು ಅವನು ಆಸಿಲೋಸ್ಕೋಪಿನ ಪರದೆಯ ಮೇಲೆ ಅಭ್ಯಾಸ ಮಾಡಿದನು. 1961ರ ವೇಳೆಗೆ ಕೇವಲ 125 ಸಿಸಿ ಎಂಜಿನ್ನಿನಿಂದ 25 ಅಶ್ವಶಕ್ತಿಯನ್ನು, ಎಂದರೆ ಲೀಟರಿಗೆ 200ರ ಲೆಕ್ಕದಲ್ಲಿ, ಹೊರತಂದನು. ಅದೇ ವರ್ಷ ಸ್ವೀಡನ್ನಿನ ಪಂದ್ಯದ ಸಮಯದಲ್ಲಿ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಲಾಯನ ಮಾಡಿ ಸುಜುಕಿ ಸಂಸ್ಥೆಯನ್ನು ಸೇರಿದನು. 1962ರಲ್ಲಿ 50 ಸಿಸಿ ವರ್ಗದ ವಿಶ್ವವಿಜೇತನಾದನು. ಚೋಪೌವಿನ ವಿದ್ಯೆ ಜಪಾನಿಗೆ ಮುಟ್ಟಿದ್ದು ಹೀಗೆ.

ನಮ್ಮ ಗ್ಯಾರೇಜಿಗೆ ಬರೋಣ. ಬಲ್ಲ ಕಸುಬುಗಾರನು ಅರವನ್ನು ಎತ್ತಿಕೊಳ್ಳುವ ಮೊದಲು ಎಂಜಿನ್ನು ಕಳೆದುಕೊಂಡಿರುವ ಶಕ್ತಿಯನ್ನು ಅದಕ್ಕೆ ಮರಳಿ ಕೊಡಿಸುತ್ತಾನೆ. ಹೊಗೆಕಿಂಡಿಯಲ್ಲಿಯೂ ಸೈಲೆನ್ಸರಿನಲ್ಲಿಯೂ ವರ್ಷಗಟ್ಟಲೆ ಕಟ್ಟಿಕೊಂಡ ಮಸಿಯನ್ನು ಕೆರೆದು ತೆಗೆಯುವುದು, ಸವೆದ ರಿಂಗುಗಳನ್ನು ಬದಲಿಸುವುದು, ಏರ್ ಫಿಲ್ಟರನ್ನು ಶುಚಿಗೊಳಿಸುವುದು, ಕ್ರ್ಯಾಂಕಿನ ಸೀಲುಗಳಿಂದ ಗಾಳಿ ಸೋರದಂತೆ ನೋಡಿಕೊಳ್ಳುವುದು, ಬ್ರೇಕು ಚಕ್ರವನ್ನು ಹಿಡಿದುಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳುವುದು, ಇವಿಷ್ಟರಿಂದಲೇ ತೃಪ್ತರಾಗಿ ಮನೆಗೆ ಮರಳುವ ಸವಾರರುಂಟು. ಇದಕ್ಕಿಂತ ಅಗ್ಗದ ಅಶ್ವಶಕ್ತಿ ಬೇರೊಂದಿಲ್ಲ.

ಬೋರನ್ನು, ಎಂದರೆ ಸಿಲಿಂಡರಿನ ಒಳವ್ಯಾಸವನ್ನು, ಹಿಗ್ಗಿಸಿದರೆ ಶಕ್ತಿ ಬಹಳ ಹೆಚ್ಚುವುದೆಂಬ ನಂಬಿಕೆ ವ್ಯಾಪಕವಾಗಿದೆ. ಲೆಕ್ಕ ಮಾಡಿ ನೋಡಬಹುದು. ಆರ್‌ಎಕ್ಸ್ 100ರ ಬೋರು 50 ಮಿ.ಮೀ., ಪಿಸ್ಟನ್ನು ಚಲಿಸುವ ದೂರವಾದ ಸ್ಟ್ರೋಕು ಕೂಡ 50 ಮಿ.ಮೀ.; ಗಾತ್ರ ಸುಮಾರು 98 ಸಿಸಿ. ಬೋರನ್ನು ಒಂದು ಮಿ.ಮೀ. ಹಿಗ್ಗಿಸಿದರೆ ಗಾತ್ರ 102 ಸಿಸಿ ಆಗುತ್ತದೆ. ಲಾಭ ನೂರಕ್ಕೆ ನಾಲ್ಕು ಮಾತ್ರ. ಹೊಸ ಬೋರು ಸವೆದ ಬ್ಲಾಕಿಗೆ ಚಿಕಿತ್ಸೆಯೇ ಹೊರತು ಶಕ್ತಿಯ ನಿಧಿಯಲ್ಲ.

ನಿಧಿಯಿರುವುದು ಕಿಂಡಿಗಳಲ್ಲಿ. ಕಸುಬುಗಾರನು ಮ್ಯಾಗ್ನೆಟ್ಟಿನ ಕಡೆ ಕ್ರ್ಯಾಂಕಿನ ತುದಿಗೆ 360 ಅಂಶಗಳನ್ನು ಗುರುತಿಸಿದ ಬಿಲ್ಲೆಯೊಂದನ್ನು ಬಿಗಿಯುತ್ತಾನೆ. ಕಾಗದದ ಮೇಲೆ ಮುದ್ರಿಸಿ ಪ್ಲೈವುಡ್ಡಿಗೆ ಅಂಟಿಸಿಕೊಂಡದ್ದಾದರೂ ಸಾಕು. ಗಟ್ಟಿ ತಂತಿಯೊಂದನ್ನು ಬಾಗಿಸಿ ಮುಳ್ಳಿನಂತೆ ನಿಲ್ಲಿಸಿ, ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸುತ್ತ, ಪಿಸ್ಟನ್ನಿನ ಅಂಚು ಹೊಗೆಕಿಂಡಿಯಿಂದ ಕೂದಲೆಳೆಯಷ್ಟು ಸರಿದು ಬೆಳಕು ಕಾಣುವ ಕ್ಷಣದಲ್ಲಿ ಕೈ ನಿಲ್ಲಿಸಿ, ಮುಳ್ಳು ತೋರುವ ಅಂಶವನ್ನು ಬರೆದುಕೊಳ್ಳುತ್ತಾನೆ. ಮುಚ್ಚುವ ಕ್ಷಣದಲ್ಲಿಯೂ ಹಾಗೆಯೇ. ಈ ಎರಡರ ಅಂತರವೇ ಕಿಂಡಿ ತೆರೆದಿರುವ ಅವಧಿ. 50 ಮಿ.ಮೀ. ಸ್ಟ್ರೋಕಿನ ಎಂಜಿನ್ನಿನಲ್ಲಿ ಕಿಂಡಿಯ ಮೇಲಂಚನ್ನು ಒಂದು ಮಿ.ಮೀ. ಏರಿಸಿದರೆ ಆ ಅವಧಿ ನಾಲ್ಕೂವರೆ ಅಂಶಗಳಷ್ಟು ಹೆಚ್ಚುತ್ತದೆ. ಒಂದು ಮಿ.ಮೀ. ಕೈತಪ್ಪಿಗೆ ಇಷ್ಟೊಂದು ಬೆಲೆಯಿರುವುದರಿಂದ, ಅಳೆಯದೆ ಉಜ್ಜುವವನನ್ನು ಕಸುಬುಗಾರನೆನ್ನಲಾಗದು. ಅಗಲವನ್ನು ಬೋರಿನ ಮೂರರಲ್ಲೆರಡು ಪಾಲಿನಾಚೆಗೆ ಒಯ್ದರೆ ರಿಂಗು ಕಿಂಡಿಯೊಳಕ್ಕೆ ಉಬ್ಬಿ ಮುರಿಯುವ ಭಯವುಂಟು. ಉಜ್ಜಿದ ಅಂಚನ್ನು ನುಣುಪಾಗಿ ಮಡಿಸದೆ ಬಿಟ್ಟರೂ ಅದೇ ಗತಿ.

ಇನ್ನೊಂದು ವಿಚಾರವನ್ನು ಗಿರಾಕಿಯು ಮೊದಲೇ ಅರಿತಿರಬೇಕು. ಹೊಗೆಕಿಂಡಿಯನ್ನು ಏರಿಸಿದಂತೆಲ್ಲ ಶಕ್ತಿಯು ಹೆಚ್ಚು ವೇಗದ ತಿರುಗುವಿಕೆಯತ್ತ ಸರಿದು, ಕಡಿಮೆ ವೇಗದಲ್ಲಿನ ಪಿಕಪ್ಪು ಕುಗ್ಗುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಆಗುಂಬೆಯ ಘಟ್ಟವನ್ನು ಏರುವವನಿಗೆ ಬೇಕಾದ ಎಂಜಿನ್ನು ಬೇರೆ, ಪಂದ್ಯದ ನೇರ ಹಾದಿಯಲ್ಲಿ ಓಡಿಸುವವನಿಗೆ ಬೇಕಾದದ್ದು ಬೇರೆ.

ಸಿಲಿಂಡರಿನ ಮೇಲ್ಮುಚ್ಚಳವಾದ ಹೆಡ್ಡಿನ ಕೆಲಸದಲ್ಲಿಯೂ ಅಳತೆಯೇ ಪ್ರಧಾನ. ಪ್ಲಗ್ಗು ಬಿಗಿದ ಹೆಡ್ಡನ್ನು ಅಂಗಾತ ಇಟ್ಟು, ಗ್ರೀಸು ಸವರಿ ತೂತುಳ್ಳ ಗಾಜಿನಂಥ ಹಲಗೆಯನ್ನು ಮುಚ್ಚಿ, ಔಷಧದಂಗಡಿಯ ಸಿರಿಂಜಿನಿಂದ ಎಣ್ಣೆಯನ್ನು ತುಂಬಿದರೆ ಒಳಗಿನ ಗುಳಿಯ ಗಾತ್ರ ತಿಳಿಯುತ್ತದೆ. ಉದಾಹರಣೆಗೆ, 98 ಸಿಸಿಯ ಎಂಜಿನ್ನಿನಲ್ಲಿ ಅದು 14 ಸಿಸಿ ಇದ್ದರೆ ಕಂಪ್ರೆಷನ್ ಅನುಪಾತ 8. ಲೇತಿನಲ್ಲಿ ಹೆಡ್ಡನ್ನು ಸವರಿ 13ಕ್ಕೆ ಇಳಿಸಿದರೆ ಎಂಟೂವರೆ. ಪಿಸ್ಟನ್ನು ಹೆಡ್ಡಿಗೆ ತಾಗುವುದೋ ಎಂಬ ಆತಂಕವನ್ನು ಮೆತ್ತನೆಯ ಬೆಸುಗೆ ತಂತಿಯ ತುಂಡೊಂದು ನಿವಾರಿಸುತ್ತದೆ: ಪ್ಲಗ್ಗಿನ ತೂತಿನಿಂದ ಅದನ್ನು ಬೋರಿನ ಅಂಚಿನವರೆಗೆ ತೂರಿಸಿ, ಕ್ರ್ಯಾಂಕನ್ನು ಒಂದು ಸುತ್ತು ತಿರುಗಿಸಿ ಹೊರತೆಗೆದರೆ, ಚಪ್ಪಟೆಯಾದ ತುದಿಯ ದಪ್ಪವೇ ಉಳಿದಿರುವ ಅಂತರ.

ಇನ್ನು ಕಾಡೆನ್ನನ ಅಲೆಗಳು. ಬಿಸಿಯಾದ ಹೊಗೆಯಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 500 ಮೀಟರು ಚಲಿಸುತ್ತದೆ. ಎಂಜಿನ್ನು ನಿಮಿಷಕ್ಕೆ 8000 ಸುತ್ತು ತಿರುಗುವಾಗ 180 ಅಂಶ ತೆರೆದಿರುವ ಹೊಗೆಕಿಂಡಿಯು ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲಿಗಿಂತ ಕೊಂಚ ಕಡಿಮೆ ಕಾಲ ಮಾತ್ರ ತೆರೆದಿರುವುದು. ಅಷ್ಟರೊಳಗೆ ಅಲೆಯು ಹೊಗೆಕೊಳವೆಯ ಕೊನೆಯಲ್ಲಿರುವ ಶಂಕುವಿಗೆ ಬಡಿದು ಹಿಂದಿರುಗಿ, ಹೊರಗೆ ಸೋರುತ್ತಿರುವ ಹೊಸ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ದಬ್ಬಬೇಕಾದರೆ, ಕೊಳವೆಯ ಉದ್ದ ಮೀಟರಿಗೆ ಸ್ವಲ್ಪ ಕಡಿಮೆ ಇರತಕ್ಕದ್ದು. ಈ ಲೆಕ್ಕವನ್ನು ಬಲ್ಲ ಬೆಸುಗೆಗಾರನು ಕಾಗದದಲ್ಲಿ ಶಂಕುಗಳನ್ನು ಕತ್ತರಿಸಿ, ತಗಡಿನ ಮೇಲೆ ಗೀಟೆಳೆದು, ತುಂಡು ತುಂಡಾಗಿ ಬೆಸೆದು ಕೊಳವೆಯನ್ನು ಕಟ್ಟುತ್ತಾನೆ. ಸೈಲೆನ್ಸರಿನ ಹೊಟ್ಟೆಯನ್ನು ತೂತು ಮಾಡಿ ಸದ್ದೆಬ್ಬಿಸುವವನು ಈ ಅಲೆಯನ್ನೇ ಕೊಂದುಕೊಳ್ಳುತ್ತಾನೆ. ಸದ್ದು ಹೆಚ್ಚಿದ್ದನ್ನೇ ಶಕ್ತಿ ಹೆಚ್ಚಿತೆಂದು ಭ್ರಮಿಸುತ್ತಾನೆ.

ಉಸಿರು ಹೆಚ್ಚಿದ ಎಂಜಿನ್ನಿಗೆ ಆಹಾರವೂ ಹೆಚ್ಚಬೇಕು. ಕಾರ್ಬುರೇಟರಿನ ಮುಖ್ಯ ಜೆಟ್ಟನ್ನು ಮೊದಲು ದೊಡ್ಡದಾಗಿ ಹಾಕಿ, ಪ್ಲಗ್ಗಿನ ಪಿಂಗಾಣಿಯು ಕಾಫಿಯ ಬಣ್ಣಕ್ಕೆ ಬರುವವರೆಗೆ ಒಂದೊಂದೇ ಅಳತೆ ಇಳಿಸುತ್ತ ಬರುವುದು ಕ್ಷೇಮದ ಮಾರ್ಗ. ಪಿಂಗಾಣಿ ಬೆಳ್ಳಗಾದರೆ ಪೆಟ್ರೋಲು ಸಾಲದೆಂದು ತಿಳಿಯಬೇಕು. ಅಲಕ್ಷಿಸಿದವನ ಪಿಸ್ಟನ್ನು ಓಡುವಾಗಲೇ ಜಾಮಾಗಿ ಹಿಂಚಕ್ರವನ್ನು ಕಚ್ಚಿ ನಿಲ್ಲಿಸುತ್ತದೆ. ಶಕ್ತಿಯೊಡನೆ ವೇಗವೂ ಹೆಚ್ಚುವುದರಿಂದ ಬ್ರೇಕಿನತ್ತಲೂ ಗಮನವಿರಬೇಕು. ವೇಗವು ಗಂಟೆಗೆ 60ರಿಂದ 80 ಕಿಲೋಮೀಟರಿಗೆ ಏರಿದರೆ ಬ್ರೇಕು ನುಂಗಬೇಕಾದ ಚಲನಶಕ್ತಿಯು ಒಂದೂಮುಕ್ಕಾಲು ಪಟ್ಟಿಗೂ ಮಿಗಿಲಾಗುವುದು. ಆರ್‌ಎಕ್ಸ್ 100ಕ್ಕಿರುವುದಾದರೋ ಎರಡು ಡ್ರಮ್ ಬ್ರೇಕುಗಳು. ಆದಕಾರಣ ಹೊಸ ಬ್ರೇಕ್ ಶೂ, ಒಳ್ಳೆಯ ಟೈರುಗಳ ಹಣವನ್ನು ಮೊದಲೇ ತೆಗೆದಿರಿಸಿ, ಉಳಿದುದರಲ್ಲಿ ಎಂಜಿನ್ನಿನ ಕೆಲಸ ಮಾಡಿಸತಕ್ಕದ್ದು.

ಕಾನೂನಿನ ಮಾತನ್ನೂ ಮರೆಯಲಾಗದು. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ನಿಷೇಧಿಸುತ್ತದೆ; 2019ರ ತಿದ್ದುಪಡಿಯ ಪ್ರಕಾರ ಅಕ್ರಮ ಮಾರ್ಪಾಡು ಒಂದೊಂದಕ್ಕೂ 5000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆವಾಸವನ್ನೋ ಎರಡನ್ನೂ ಒಟ್ಟಿಗೋ ವಿಧಿಸಬಹುದು. ಪಂದ್ಯದ ಎಂಜಿನ್ನಿಗೆ ತಕ್ಕ ತಾಣಗಳು ಶ್ರೀಪೆರಂಬುದೂರಿನ ಬಳಿಯೂ ಕೊಯಮತ್ತೂರಿನಲ್ಲಿಯೂ ಇರುವ ಪಂದ್ಯದ ಹಾದಿಗಳೇ ಹೊರತು, ಮಕ್ಕಳು ಶಾಲೆಗೆ ನಡೆದುಹೋಗುವ ಬೀದಿಗಳಲ್ಲ.

ಈ ಕಸುಬಿನ ಬಂಡವಾಳವು ಹಣವಲ್ಲ, ಅಳತೆ. ನಿಮ್ಮ ಹಳೆಯ ವಾಹನದ ಹೆಡ್ಡನ್ನು ಬಿಚ್ಚುವ ದಿನ ಬಂದಾಗ, ಅರಕ್ಕೆ ಕೈಚಾಚುವ ಮೊದಲು ನಲವತ್ತು ಪುಟದ ಒಂದು ನೋಟ್‌ಪುಸ್ತಕವನ್ನು ಕೊಂಡುತಂದು, ಕಿಂಡಿಗಳ ಅಂಶ, ಗುಳಿಯ ಗಾತ್ರ, ಜೆಟ್ಟಿನ ಸಂಖ್ಯೆ, ಇವಿಷ್ಟನ್ನು ಮೊದಲ ಪುಟದಲ್ಲಿ ಬರೆದಿಡಿ. ಉಜ್ಜಿ ಹೋದ ಲೋಹವನ್ನು ಯಾರೂ ಮರಳಿ ಅಂಟಿಸಿಕೊಡಲಾರರು.