ಊರಿನ ಮೋಟಾರ್‌ಗೆ ಸ್ಮಾರ್ಟ್ ಪ್ಲಗ್: ಮೊದಲು ಇಷ್ಟು ನೋಡ್ಕೊಳ್ಳಿ

ಗದಗ-ಬೆಟಗೇರಿಯಲ್ಲಿ ನಳಕ್ಕೆ ನೀರು ದಿನಾ ಬರೋದಿಲ್ಲ. ಬಂದಾಗ ನೆಲದ ಟಾಕಿ ತುಂಬಿಸಿಕೊಂಡು, ಬೇಕಾದಾಗ ಮೋಟಾರ್ ಹಚ್ಚಿ ಮೇಲಿನ ಟಾಕಿಗೆ ಏರಿಸಬೇಕು. ಹಾಗಾಗಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಗೆಳೆಯರು ಬೆಂಗಳೂರಿನಿಂದ ಮನೆಗೆ ಸ್ಮಾರ್ಟ್ ಪ್ಲಗ್ ಒಯ್ಯುವಾಗ ನನ್ನನ್ನು ಕೇಳೋದು ಬಲ್ಬಿನ ಬಗ್ಗೆ ಅಲ್ಲ, ಮೋಟಾರ್ ಬಗ್ಗೆ.

ಪ್ಲಗ್ ವೈಫೈಗೆ ಸೇರ್ತಿಲ್ವಾ? ಇಂಥ ಬಹುತೇಕ ಪ್ಲಗ್‌ಗಳು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ನಡೆಯುತ್ತವೆ. ರೂಟರ್‌ನ 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಕೊಟ್ಟು, ಫೋನನ್ನು 2.4ಕ್ಕೆ ಜೋಡಿಸಿ ಮತ್ತೆ ಪ್ರಯತ್ನಿಸಿ.

1 ಎಚ್‌ಪಿ ಅಂದರೆ 746 ವ್ಯಾಟ್. 16 ಆಂಪಿಯರ್ ಪ್ಲಗ್ ಧಾರಾಳ ಸಾಕು ಅನ್ನಿಸುತ್ತೆ. ಆದರೆ ಚಾಲೂ ಆಗುವ ಕ್ಷಣ ಮೋಟಾರ್ ಹಲವು ಪಟ್ಟು ಕರೆಂಟ್ ಎಳೆಯುತ್ತೆ. ಒಳಗಿನ ರಿಲೇ ಅಂಟಿಕೊಂಡರೆ ಆ್ಯಪ್‌ನಲ್ಲಿ ‘ಆಫ್’ ಒತ್ತಿದರೂ ಮೋಟಾರ್ ನಿಲ್ಲದು. ಅದಕ್ಕೆ ನಡುವೆ ಒಂದು ಕಾಂಟ್ಯಾಕ್ಟರ್ ಹಾಕಿಸಿ. ಈ ಕೆಲಸ ಎಲೆಕ್ಟ್ರಿಷಿಯನ್‌ಗೇ ಬಿಡಿ.

ಕರೆಂಟ್ ಹೋಗಿ ಬಂದಾಗ ಪ್ಲಗ್ ಹೇಗಿರಬೇಕು ಅನ್ನೋ ಸೆಟ್ಟಿಂಗ್ ಆ್ಯಪ್‌ನಲ್ಲಿ ಇರುತ್ತೆ. ಅದನ್ನ ‘ಆಫ್’ ಇಡಿ. ಇಲ್ಲದಿದ್ದರೆ ನಡುರಾತ್ರಿ ಕರೆಂಟ್ ಬಂದಾಗ ಮೋಟಾರ್ ತಾನಾಗಿ ಚಾಲೂ ಆಗಬಹುದು; ಕೆಳಗಿನ ಟಾಕಿ ಖಾಲಿ ಇದ್ದರೆ ಸೀಲ್ ಸುಟ್ಟೀತು. ತಾನಾಗಿ ನಿಲ್ಲುವಂತೆ ಟೈಮರನ್ನೂ ಹಾಕಿ.

ಗೋಡೆಯ ಸ್ವಿಚ್ ಮಾತ್ರ ತೆಗೆಸಬೇಡಿ. ನೆಟ್ ಇಲ್ಲದ ದಿನವೂ ಅವ್ವ ನೀರು ಏರಿಸುವಂತಿರಬೇಕು. ಟಾಕಿ ತೊಳೆಯೋಕೆ ಯಾರಾದರೂ ಇಳಿಯುವ ಮೊದಲು ಮೇನ್ ಸ್ವಿಚ್ಚೇ ಆಫ್ ಆಗಲಿ. ಬೆಂಗಳೂರಲ್ಲಿ ಕೂತು ಆ್ಯಪ್ ಒತ್ತುವವರಿಗೆ ಟಾಕಿಯೊಳಗೆ ಯಾರಿದ್ದಾರೆ ಅಂತ ಕಾಣೋದಿಲ್ಲ.